ಸೊಸೆಯ ಅಂಗಿಯೂ ದಾದರಿನ ಮಾಸ್ತರರೂ

ನಾನು ಅಜ್ಜಿಯಾದೆ. ಹೆಣ್ಣು ಮಗು. ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಮೈ ಸ್ವಲ್ಪ ಹಳದಿಯಾಗಿದೆ ಎಂದು ಆಸ್ಪತ್ರೆಯವರು ನೀಲಿ ದೀಪದ ಕೆಳಗೆ ಮಲಗಿಸಿ ಇಟ್ಟುಕೊಂಡಿದ್ದರು. ನಿನ್ನೆ ಬೆಳಿಗ್ಗೆ ಕೊಟ್ಟು ಕಳಿಸಿದರು. ಕೂದಲು ಕಪ್ಪು, ಅದು ನಮ್ಮ ಕಡೆಯದು. ಕಾಲು ಉದ್ದ, ಅದು ತಾಯಿಯ ಕಡೆಯದು. ಮೂಗಿನ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ನನ್ನದೇ ಎಂದು ನಾನು ಹೇಳುತ್ತೇನೆ. ಮೊದಲು ಮೂಗು ಬರಲಿ, ಆಮೇಲೆ ನೋಡುವ ಎಂದು ನಮ್ಮ ಯಜಮಾನರು ಹೇಳುತ್ತಾರೆ.

ಇಷ್ಟು ದೊಡ್ಡ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವಷ್ಟು ಜಾಗ ನನ್ನೊಳಗಿಲ್ಲ. ಬಿಲ್ಡಿಂಗಿನ ವಾಚ್‌ಮನ್‌ಗೆ ಹೇಳಿದೆ, ಹಾಲಿನ ಭೈಯಾನಿಗೆ ಹೇಳಿದೆ, ಎದುರು ಮನೆಯ ಮರಾಠಿ ಹೆಂಗಸಿಗೆ, ಇಲ್ಲಿ ಬಾಯಿ ಎನ್ನುತ್ತಾರೆ, ಎರಡು ಸಲ ಹೇಳಿದೆ. ಮೊನ್ನೆ ಯಾರೋ ಗ್ಯಾಸಿನ ಅಂಗಡಿ ಎಂದು ತಿಳಿದು ನಮಗೆ ಫೋನ್ ಮಾಡಿದ, ಅವನಿಗೂ ಹೇಳಿದೆ. ಒಳ್ಳೆಯ ಹುಡುಗ, ಮಗುವಿನ ತೂಕ ಕೇಳಿಯೇ ಫೋನ್ ಇಟ್ಟ. ಹೇಳಿ ಮುಗಿಯದೆ ಉಳಿದದ್ದನ್ನು ಈಗ ಮಗು ಮಲಗಿರುವಾಗ ಬರೆಯಲು ಕುಳಿತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಷ್ಟು ಕಾಗದದ ಮೇಲೆ ಪೆನ್ನಿನಲ್ಲಿ ಎಳೆದವಳಲ್ಲ. ಸಾಲು ಓರೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಇನ್ನು ಒಂದು ಗುಟ್ಟು. ಅಜ್ಜಿಯಾಗಿ ಹಾಲುಸಕ್ಕರೆಯ ಹಾಗೆ ಇರಬೇಕಾದ ನಾನು ಕಳೆದ ಎರಡು ವರ್ಷದಿಂದ ಒಬ್ಬ ದರ್ಜಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆ. ಹೆಸರು ಹೊಟ್ಟೆಕಿಚ್ಚೆಂದಿದ್ದರೂ ಅದು ಎಲ್ಲರಿಗೂ ಹೊಟ್ಟೆಯಲ್ಲೇ ಇರುತ್ತದೆಂದು ತಿಳಿಯಬೇಡಿ. ನನಗೆ ಅದು ಬೆರಳ ತುದಿಯಲ್ಲಿ. ಬೇರೆಯವರ ಕೈಯ ಒಳ್ಳೆಯ ಹೊಲಿಗೆ ಕಂಡರೆ ಬೆರಳು ತುರಿಸುತ್ತದೆ, ಹಿಡಿದು ಬಿಚ್ಚಿ ನೋಡುವ ಎನಿಸುತ್ತದೆ. ಅದರಲ್ಲೂ ಆ ಒಳ್ಳೆಯ ಹೊಲಿಗೆ ನನ್ನ ಸ್ವಂತ ಸೊಸೆಯ ಮೈಮೇಲೆ ಇದ್ದರೆ ಹೇಗಾಗಬೇಡ.

ಸೊಸೆಯ ಹೆಸರು ಇಂಗ್ರಿಡ್. ನಾರ್ವೆ ಎಂಬ ದೇಶದವಳು. ನನ್ನ ಮಗ ಪ್ರಶಾಂತ ಹಡಗಿನಲ್ಲಿ ಇಂಜಿನಿಯರ್ ಆಗಿದ್ದಾಗ ಅಲ್ಲಿಯ ಒಂದು ಬಂದರಿನಲ್ಲಿ ಹಡಗು ಕೆಟ್ಟು ನಿಂತಿತಂತೆ, ಮೂರು ವಾರ. ಹಡಗು ರಿಪೇರಿಯಾಯಿತು, ಮಗ ಆಗಲಿಲ್ಲ. ಈಗ ಅವನಿಗೆ ಮುಂಬೈ ಬಂದರಿನಲ್ಲೇ ಕೆಲಸ. ಅವಳು ಬೊರಿವಲಿಯ ಒಂದು ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನಾವೆಲ್ಲ ವಿಕ್ರೋಳಿಯಲ್ಲಿ ಒಟ್ಟಿಗೇ ಇದ್ದೇವೆ. ಹುಡುಗಿ ಬಂಗಾರ. ಒಂದೇ ತೊಂದರೆ, ಎತ್ತರ. ನಾನು ನೆಟ್ಟಗೆ ನಿಂತರೆ ಅವಳ ಭುಜದ ಕೆಳಗೆ ಬರುತ್ತೇನೆ. ಮದುವೆಯಲ್ಲಿ ಧಾರೆ ಸೀರೆ ಉಟ್ಟು ನಿಂತಾಗ ಮಂಟಪದ ಹೂವು ತಲೆಗೆ ತಾಗಿ ಪುರೋಹಿತರು ಹೂವನ್ನೇ ಮೇಲೆ ಕಟ್ಟಿಸಿದರು.

ಸೀರೆಗೇನೋ ಅಳತೆಯ ಹಂಗಿಲ್ಲ. ಉದ್ದದವರು ನೆರಿಗೆ ಇಳಿಸಿ ಉಡುತ್ತಾರೆ, ಗಿಡ್ಡದವರು ಏರಿಸಿ ಉಡುತ್ತಾರೆ. ಆದರೆ ದಿನಾ ಬೆಳಿಗ್ಗೆ ವಿಕ್ರೋಳಿಯಿಂದ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ದಾಟಿ, ಇನ್ನೊಂದು ಲೋಕಲ್ ಹಿಡಿದು ಬೊರಿವಲಿಗೆ ಹೋಗುವವಳಿಗೆ ಸೀರೆ ಆಗುತ್ತದೆಯೇ. ಅವಳಿಗೆ ಬೇಕಾದದ್ದು ಸಾದಾ ಬಟ್ಟೆ. ಒಂದು ಸಡಿಲ ಹತ್ತಿಯ ಅಂಗಿ, ಆಳವಾದ ಕಿಸೆಯ ಒಂದು ಪ್ಯಾಂಟು, ಅಷ್ಟೇ. ಆ ಅಷ್ಟು ಈ ಇಡೀ ಮುಂಬೈಯಲ್ಲಿ ಸಿಗಲಿಲ್ಲ ಎಂದರೆ ನಂಬುತ್ತೀರಾ. ರೆಡಿಮೇಡ್ ಅಂಗಿಯ ತೋಳು ಮೊಣಕೈ ದಾಟಿದ ಕೂಡಲೇ ನಿಂತುಬಿಡುತ್ತಿತ್ತು. ಪ್ಯಾಂಟು ಹಾಕಿದರೆ ನೆರೆ ನೀರಿನಲ್ಲಿ ನಡೆಯಲು ಮಡಚಿದ ಹಾಗೆ. ಗಂಡಸರ ಅಂಗಿ ಕೊಂಡರೆ ಉದ್ದ ಸರಿ, ಹೊಟ್ಟೆಯ ಜಾಗದಲ್ಲಿ ಇನ್ನೊಬ್ಬರು ಕೂರಬಹುದು. ದೊಡ್ಡ ಮಾಲಿನಲ್ಲಿ ಫಾರಿನ್ ಕಂಪನಿಯ ಅಂಗಡಿಗೆ ಕರೆದುಕೊಂಡು ಹೋದೆವು. ಅಲ್ಲಿ ಅವಳ ಅಳತೆಯದು ಇತ್ತು, ಆದರೆ ಬೆಲೆಯ ಚೀಟಿ ನೋಡಿ ಅವಳೇ ಮೆಲ್ಲಗೆ ವಾಪಸು ಇಟ್ಟಳು. ನಾನು ಕಾಲರಿನ ಒಳಗಿನ ಚೀಟಿಯನ್ನು ಮಗನಿಂದ ಓದಿಸಿದೆ. ನಮ್ಮ ದೇಶದಲ್ಲೇ ಹೊಲಿದದ್ದು. ಇಲ್ಲಿಂದ ಹಡಗು ಹತ್ತಿ ಹೋಗಿ, ಅಲ್ಲಿ ಒಂದು ಹೆಸರು ಅಂಟಿಸಿಕೊಂಡು, ಮತ್ತೆ ಇಲ್ಲಿಗೇ ಬಂದು ನಮಗೇ ಜಂಬ ತೋರಿಸುತ್ತಿತ್ತು.

ಆಗ ನಾನು ಮುಂದೆ ಬಂದೆ. ನಲವತ್ತು ವರ್ಷ ಹೊಲಿದ ಕೈ ಮನೆಯಲ್ಲೇ ಇರುವಾಗ ಅಂಗಡಿ ಯಾಕೆ ಎಂದೆ. ಯಜಮಾನರು ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದ ಕಾಲದಿಂದ ನಾನು ಕಾಲಿನ ಮಿಷನ್ ಇಟ್ಟುಕೊಂಡು ರವಿಕೆ ಹೊಲಿದವಳು. ಈ ಸುತ್ತಿನ ಹೆಂಗಸರಲ್ಲಿ ನನ್ನ ರವಿಕೆಗೆ ಒಂದು ಹೆಸರಿತ್ತು. ಬಗಲಿನಲ್ಲಿ ಒಂದು ಸುಕ್ಕು ಬಿದ್ದರೆ ನಾನು ಊಟ ಬಿಟ್ಟು ಬಿಚ್ಚಿ ಹೊಲಿಯುತ್ತಿದ್ದೆ. ‘ಫಿಟ್ಟಿಂಗ್ ಅಂದರೆ ಶೆಟ್ಟಿ ಬಾಯಿಯದು’ ಎಂದು ಆಗ ನಾವಿದ್ದ ಚಾಳಿನ ಮನೆಮನೆಯಲ್ಲೂ ಮಾತು.

ಅಲ್ಲೇ ಎಡವಿದ್ದು. ನಮ್ಮ ಪದ್ಧತಿ ನಿಮಗೆ ಗೊತ್ತು. ಮೈಗೆ ಟೇಪು ಹಿಡಿಯುವುದು ಅಪರೂಪ. ಅಳತೆಗೆ ಒಂದು ಹಳೆಯ ರವಿಕೆ ಕೊಡುತ್ತಾರೆ, ಅದನ್ನು ಹಾಸಿಕೊಂಡು ಕತ್ತರಿಸುತ್ತೇವೆ. ಸೊಸೆಗೆ ಅಚಾನಕ್ಕಾಗಿ ಖುಷಿ ಕೊಡಬೇಕೆಂದು ನಾನು ಅವಳನ್ನು ಕೇಳಲೇ ಇಲ್ಲ. ಹಗ್ಗದ ಮೇಲೆ ಒಣಗುತ್ತಿದ್ದ ಅವಳ ಊರಿನ ಅಂಗಿಯೊಂದನ್ನು ಅಳತೆಗೆ ಎತ್ತಿಕೊಂಡೆ. ಹಾಸಿ ನೋಡಿದರೆ ಅಂಗಿಗೆ ಆಕಾರವೇ ಇಲ್ಲ, ಗೋಣಿಚೀಲದ ಹಾಗೆ ನೆಟ್ಟಗಿದೆ. ಪಾಪ, ಆ ದೇಶದಲ್ಲಿ ಒಳ್ಳೆಯ ದರ್ಜಿಗಳಿಲ್ಲ ಎಂದುಕೊಂಡೆ. ಉದ್ದ ಮಾತ್ರ ಅದರದ್ದು ತೆಗೆದುಕೊಂಡು ಉಳಿದದ್ದನ್ನು ನಾನೇ ತಿದ್ದಿದೆ. ಬಟ್ಟೆಯನ್ನು ಒಳಗೆ ಮಡಚಿ ಹೊಲಿದು ಎದೆಗೆ ಎರಡು ಟಕ್ಸ್, ಬೆನ್ನಿಗೆ ಎರಡು, ಸೊಂಟ ಒಳಗೆ, ತೋಳು ಬಿಗಿ. ಹಾಕಿಕೊಂಡು ಬಂದಾಗ ಏನು ಚಂದ ಕಂಡಳು ಅಂತೀರಿ. ‘ತುಂಬಾ ಚೆನ್ನಾಗಿದೆ ಅತ್ತೆ’ ಎಂದಳು. ಮಾರನೆಯ ದಿನ ಹಾಕಿಕೊಂಡು ಕೆಲಸಕ್ಕೂ ಹೋದಳು. ಅದಾದ ಮೇಲೆ ಆ ಅಂಗಿ ಕಪಾಟಿನ ಕೆಳಗಿನ ಅರೆಗೆ ಹೋಯಿತು. ಅಲ್ಲಿಗೆ ಹೋದ ಬಟ್ಟೆ ಸಾಮಾನ್ಯವಾಗಿ ತಿರುಗಿ ಬರುವುದಿಲ್ಲ.

ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅತ್ತೆ ಸೊಸೆಯರ ನಡುವೆ ಎಲ್ಲ ಚೆನ್ನಾಗಿರುವಾಗ ಆಗುವ ತೊಂದರೆ ಇದು. ಜಗಳವಾಡುವವರಾಗಿದ್ದರೆ ಅವತ್ತೇ ತಿಳಿಯುತ್ತಿತ್ತು.

ಒಂದು ತಿಂಗಳು ಕಳೆದಿರಬಹುದು. ಒಂದು ಸಂಜೆ ಅವಳು ಬಾಗಿಲಿನಲ್ಲಿ ನಿಂತಾಗ ನನ್ನ ಬೆರಳಿನ ತುದಿಗಳು ಒಮ್ಮೆಲೇ ತುರಿಸಿದವು. ಮೈಮೇಲೆ ಒಂದು ಹೊಸ ನೀಲಿ ಅಂಗಿ. ಸಡಿಲ, ಆದರೆ ಜೋಲುತ್ತಿಲ್ಲ. ಭುಜದ ಮೇಲೆ ಸರಿಯಾಗಿ ಕೂತು ಅಲ್ಲಿಂದ ಕೆಳಗೆ ನೀರಿನ ಹಾಗೆ ಇಳಿದಿದೆ. ಎಲ್ಲಿ ಕೊಂಡೆ ಎಂದು ಕೇಳಿದೆ. ಕೊಂಡದ್ದಲ್ಲವಂತೆ. ದಾದರ್ ಸ್ಟೇಷನ್ನಿನ ಹತ್ತಿರ ಅವಳ ಚೀಲದ ಪಟ್ಟಿ ಹರಿದಿತ್ತು. ಮೆಟ್ಟಿಲಿನ ಕೆಳಗೆ ಒಂದೇ ಮಿಷನ್ ಹಿಡಿಯುವಷ್ಟು ಅಗಲದ ಅಂಗಡಿ, ಅಲ್ಲೊಬ್ಬ ಮಾಸ್ತರರು ನಿಂತ ಕಾಲಿನಲ್ಲೇ ಹೊಲಿದುಕೊಟ್ಟರು. ಮಾತಿಗೆ ಮಾತು ಬಂದು, ಕಟ್‌ಪೀಸ್ ಬಟ್ಟೆ ತಂದುಕೊಟ್ಟರೆ ಅಂಗಿ ಹೊಲಿದುಕೊಡುತ್ತೇನೆ ಎಂದರಂತೆ. ಹೊಲಿದುಕೊಟ್ಟರು. ಮಾಲಿನವರ ಅಂಗಿಯ ತೋಳಿನ ಬೆಲೆಗೆ ಇಡೀ ಅಂಗಿ.

ಆಮೇಲೆ ಮನೆಯಲ್ಲಿ ಮಾಸ್ತರರದೇ ಮಾತು. ದಸ್ತಗೀರ ಮಾಸ್ತರರು ಕಿಸೆಗೆ ಒಳಗಿನಿಂದ ಇನ್ನೊಂದು ಕಿಸೆ ಇಟ್ಟಿದ್ದಾರೆ. ಮಾಸ್ತರರು ಒಂದೇ ಸಲಕ್ಕೆ ಸರಿಯಾಗಿ ಹೊಲಿಯುತ್ತಾರೆ. ಮಾಸ್ತರರು ಅಳತೆ ತೆಗೆಯುವ ಮೊದಲು ಅವಳನ್ನು ಲೋಕಲಿನ ಹಿಡಿಕೆ ಹಿಡಿದ ಹಾಗೆ ಕೈ ಎತ್ತಿ ನಿಲ್ಲಿಸುತ್ತಾರೆ, ಆಮೇಲೆ ಸ್ಟೂಲಿನ ಮೇಲೆ ಕೂರಿಸಿ, ಕೆಳಗೆ ಬಿದ್ದ ಪೆನ್ನು ಹೆಕ್ಕುವ ಹಾಗೆ ಬಗ್ಗಿಸಿ, ಆಮೇಲೆ ಟೇಪು ಹಿಡಿಯುತ್ತಾರೆ. ಇದನ್ನು ಅವಳು ನಗುತ್ತಾ ಮಾಡಿ ತೋರಿಸಿದಾಗ ನನಗೆ ನನ್ನ ಅಂಗಿ ಕಪಾಟಿನ ತಳ ಸೇರಿದ ಕಾರಣ ತಿಳಿಯಿತು. ಅದರಲ್ಲಿ ನಿಲ್ಲಬಹುದಿತ್ತು, ಚಂದ ಕಾಣಬಹುದಿತ್ತು. ಕೈ ಎತ್ತಲು ಆಗುತ್ತಿರಲಿಲ್ಲ. ನನ್ನ ಗಿರಾಕಿಗಳೆಲ್ಲ ಮದುವೆ ಮುಂಜಿಯಲ್ಲಿ ಕುರ್ಚಿಯ ಮೇಲೆ ಕೂರುವವರು. ಇವಳು ದಿನಕ್ಕೆ ನಾಲ್ಕು ರೈಲಿನಲ್ಲಿ ನೇತಾಡುವವಳು.

ತಿಳಿದ ಮೇಲಾದರೂ ಕಿಚ್ಚು ಕಮ್ಮಿಯಾಗಬೇಕಲ್ಲ. ಹೆಚ್ಚಾಯಿತು. ಅದಕ್ಕೆ ತುಪ್ಪ ಸುರಿದದ್ದು ಅವಳ ಕನ್ನಡ. ನಾನು ವರ್ಷವಿಡೀ ‘ಊಟ ಮಾಡು’, ‘ನೀರು ಕುಡಿ’ ಎಂದು ಕಲಿಸಿದ್ದರಲ್ಲಿ ಅರ್ಧವೂ ಹತ್ತಿರಲಿಲ್ಲ. ಮಾಸ್ತರರು ಬಿಜಾಪುರದ ಕಡೆಯವರು. ಅವರ ಸ್ಟೂಲಿನ ಮೇಲೆ ಕೂತು ಕೂತು ಇವಳು ಒಂದು ದಿನ ಅಡುಗೆಮನೆಗೆ ಬಂದು, ‘ಅತ್ತೆ, ಚಹಾ ಮಾಡ್ಲೇನ್ರಿ?’ ಎಂದಳು. ಉಡುಪಿಯವರ ಮನೆ, ನಾರ್ವೆಯ ಸೊಸೆ, ಬಾಯಲ್ಲಿ ಬಿಜಾಪುರ. ಯಜಮಾನರು ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮುಖ ನೋಡಿ ಅವರಿಗೆ ಗೊತ್ತಾಯಿತು. ‘ಎಂತ ಮಾರಾಯ್ತಿ, ದರ್ಜಿಯ ಮೇಲೆ ಹೊಟ್ಟೆಕಿಚ್ಚಾ ನಿಂಗೆ?’ ಎಂದು ಕೇಳಿದರು. ಇಲ್ಲಪ್ಪ ಎಂದೆ. ನನಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ನನ್ನ ಕೈಯ ಒಂದು ಬಟ್ಟೆಯನ್ನು ಆ ಹುಡುಗಿ ಮುಲಾಜಿಗಲ್ಲದೆ, ಬೇಕೆಂದು ಹಾಕಿಕೊಳ್ಳಬೇಕು. ಅಷ್ಟಾಗದಿದ್ದರೆ ಈ ಮನೆಯಲ್ಲಿ ನಾನು ಅನ್ನ ಬೇಯಿಸುವವಳು ಮಾತ್ರ ಎಂದು ನನಗೆ ಅನಿಸತೊಡಗಿತ್ತು.

ಕಡೆಗೆ ನಾನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ. ಯಾರಿಗೂ ಹೇಳದೆ ದಾದರಿಗೆ ಹೋದೆ. ಬರಿಗೈಯಲ್ಲಿ ಹೋದರೆ ಅನುಮಾನ ಬರುತ್ತದಲ್ಲ, ನಾನೇ ಹೊಲಿದ ನನ್ನದೇ ಒಂದು ಹಳೆಯ ರವಿಕೆಯನ್ನು ಚೀಲದಲ್ಲಿ ಹಾಕಿಕೊಂಡೆ. ಬಿಗಿಯಾಗಿದೆ, ದೊಡ್ಡದು ಮಾಡಿಕೊಡಿ ಎಂದು ಹೇಳುವುದು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಿಳಿ ಗಡ್ಡ, ಕಿವಿಯ ಹಿಂದೆ ಸೀಮೆಸುಣ್ಣ, ಕೊರಳಲ್ಲಿ ಟೇಪು. ನನಗಿಂತ ನಾಲ್ಕೈದು ವರ್ಷ ಚಿಕ್ಕವರಿರಬಹುದು. ನಾನು ಕನ್ನಡದಲ್ಲಿ ಮಾತಾಡಿದ್ದಕ್ಕೆ ಎದ್ದು ನಿಂತು, ‘ಬರ್ರಿ ಅಕ್ಕಾರ, ಕುಂದರ್ರಿ’ ಎಂದು ಆ ಸ್ಟೂಲನ್ನೇ ಒರೆಸಿ ಕೊಟ್ಟರು. ಹಗೆ ಸಾಧಿಸಲು ಹೋದವರಿಗೆ ಹೀಗೆಲ್ಲ ಮರ್ಯಾದೆ ಮಾಡಬಾರದು.

ರವಿಕೆಯನ್ನು ಕೈಗೆ ಕೊಟ್ಟೆ. ಮುಂಬದಿ ನೋಡಲೇ ಇಲ್ಲ. ಥಟ್ಟನೆ ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದರು. ನಾನು ಕೂಡ ಹಾಗೆಯೇ ಮಾಡುತ್ತಿದ್ದೆ. ಯಾರು ಹೊಲಿದದ್ದು ಎಂದು ಕೇಳಿದರು. ವಿಕ್ರೋಳಿಯಲ್ಲಿ ಒಬ್ಬ ಹೆಂಗಸು ಎಂದೆ. ಸುಳ್ಳಲ್ಲ ತಾನೆ.

‘ಕೈ ಛಲೋ ಐತ್ರಿ,’ ಎಂದರು. ‘ಆದ್ರ ಒಳಗ ಬಟ್ಟಿ ಬಿಟ್ಟಿಲ್ಲ. ಎಲ್ಲಾ ಕತ್ತರಿಸಿ ಒಗದಾರ. ಮನಿಷಾ ಇದ್ದಂಗ ಇರ್ತಾನ ಅಂತ ತಿಳಕೊಂಡಾರ ಇವ್ರು.’

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೊಲಿಗೆಯ ಆಚೆ, ಒಳಗಡೆ, ಒಂದೋ ಒಂದೂವರೆಯೋ ಇಂಚು ಬಟ್ಟೆಯನ್ನು ಮಡಚಿ ಬಿಡುತ್ತಾರೆ, ಮಾರ್ಜಿನ್ ಎನ್ನುತ್ತಾರೆ. ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಹೊರಗೆ ಸರಿಸಬಹುದು. ಫಾರಿನ್ ರೆಡಿಮೇಡಿನಲ್ಲಿ ಇದಿರುವುದಿಲ್ಲ. ಮೈ ಬಂದರೆ ಅವರು ಹೊಸ ಅಂಗಿ ಕೊಳ್ಳಬೇಕು. ನಾನು ಮಾರ್ಜಿನ್ ಬಿಡುತ್ತಿರಲಿಲ್ಲ. ಒಳಗಿನ ಬಟ್ಟೆ ದಪ್ಪವಾಗಿ ಹೊರಗೆ ಗೆರೆ ಕಾಣುತ್ತದೆ, ಫಿಟ್ಟಿಂಗ್ ಕೆಡುತ್ತದೆ ಎಂದು. ನಲವತ್ತು ವರ್ಷದ ಹೆಸರಿನ ಬಗ್ಗೆ ನನ್ನೆದುರೇ ಅವರು ಹಾಗೆಂದರು, ನಾನು ಹೌದೌದು ಎಂದು ತಲೆಯಾಡಿಸಬೇಕಾಯಿತು.

ಅಷ್ಟರಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ ಒಂದು ಪ್ಯಾಂಟು ಕಂಡಿತು. ಅಷ್ಟು ಉದ್ದದ ಪ್ಯಾಂಟು ಮುಂಬೈಯಲ್ಲಿ ಎರಡಿರಲಿಕ್ಕಿಲ್ಲ. ಇದು ಯಾವ ಗಂಡಸಿನದು ಎಂದು ಏನೂ ತಿಳಿಯದವಳ ಹಾಗೆ ಕೇಳಿದೆ. ಗಂಡಸಿನದಲ್ಲ, ನಿಮ್ಮ ವಿಕ್ರೋಳಿ ಕಡೆಯ ಒಬ್ಬಳು ಫಾರಿನ್ ಮಗಳದು, ನಡು ಬಿಗಿಯಾಗಿದೆ ಎಂದು ಕೊಟ್ಟು ಹೋಗಿದ್ದಾಳೆ, ಹದಿನೈದು ದಿನದಲ್ಲಿ ಎರಡನೇ ಸಲ ಎಂದರು. ಆಮೇಲೆ ತಮ್ಮಷ್ಟಕ್ಕೇ ನಕ್ಕು ಮೆಲ್ಲಗೆ ಹೇಳಿದರು, ‘ಅಕಿ ಏನೂ ಹೇಳಿಲ್ರಿ. ನಾನೂ ಕೇಳಿಲ್ಲ. ಆದ್ರ ಟೇಪು ಹೇಳತೈತಿ. ಅಲ್ಲಾಹು ಅಕಿನ್ನ ಛಲೋ ಇಡಲಿ.’

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಸ್ಟೂಲಿನ ಅಂಚು ಹಿಡಿದುಕೊಂಡೆ. ನನಗೆ ಮೊಮ್ಮಗು ಬರುತ್ತಿದೆ. ಆ ಸುದ್ದಿ ನನಗಿಂತ ಮೊದಲು ಈ ಮೆಟ್ಟಿಲಿನ ಕೆಳಗಿನ ಮನುಷ್ಯನಿಗೆ ತಿಳಿದಿದೆ. ಯಾವುದಕ್ಕೆ ಅಳಬೇಕು ಎಂದು ಗೊತ್ತಾಗದೆ ಎರಡಕ್ಕೂ ಸ್ವಲ್ಪ ಸ್ವಲ್ಪ ಅತ್ತೆ. ಮಾಸ್ತರರು ರವಿಕೆಯ ದುಃಖ ಎಂದು ತಿಳಿದು, ಹೊಸ ಪಟ್ಟಿ ಕೊಟ್ಟು ಸರಿ ಮಾಡುತ್ತೇನೆ, ಚಿಂತೆ ಬೇಡ ಎಂದರು.

ಮನೆಗೆ ಬಂದೆ, ಬಾಯಿ ಬಿಡುವ ಹಾಗಿಲ್ಲ. ಬಿಟ್ಟರೆ ದಾದರಿಗೆ ಹೋದದ್ದು ಹೊರಗೆ ಬರುತ್ತದೆ. ಮಗ ಸೊಸೆ ಇಬ್ಬರೂ, ಡಾಕ್ಟರು ಹೇಳಿದ ಮೊದಲ ಮೂರು ತಿಂಗಳು ಕಳೆಯಲಿ ಎಂದು ಸುಮ್ಮನಿದ್ದರು. ನನ್ನಂಥವಳು ಇಂಥ ಸುದ್ದಿಯನ್ನು ಹನ್ನೆರಡು ದಿನ ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೆಂದರೆ ಕುದಿಯುವ ಕುಕ್ಕರಿನ ಮೇಲೆ ಕೂತ ಹಾಗೆ. ತಡೆಯಲಾರದೆ ದಿನ ಬಿಟ್ಟು ದಿನ ಹೆಸರುಬೇಳೆ ಪಾಯಸ ಮಾಡಿದೆ. ಇವತ್ತೇನು ವಿಶೇಷ ಎಂದು ಕೇಳಿದರೆ ಒಂದು ದಿನ ಸಂಕಷ್ಟಿ ಎಂದೆ, ಒಂದು ದಿನ ಹಾಲು ಹೆಚ್ಚಾಗಿತ್ತು ಎಂದೆ, ಒಂದು ದಿನ ಯಜಮಾನರ ಹುಟ್ಟುಹಬ್ಬ ಎಂದೆ. ಅವರು ತಮ್ಮ ಹುಟ್ಟುಹಬ್ಬದ ಪಾಯಸವನ್ನು ಆಶ್ಚರ್ಯಪಡುತ್ತಲೇ ತಿಂದರು. ಹದಿಮೂರನೇ ದಿನ ಮಗ ಸೊಸೆ ನಮ್ಮಿಬ್ಬರನ್ನು ಕೂರಿಸಿ ಹೇಳಿದಾಗ ಈಗಷ್ಟೇ ತಿಳಿದವಳ ಹಾಗೆ ನಟಿಸಬೇಕೆಂದುಕೊಂಡಿದ್ದೆ. ನಟನೆ ಬರಲಿಲ್ಲ, ಜೋರಾಗಿ ಅಳು ಬಂತು. ನಿಜವಾದ ಅಳು. ಅರ್ಧ ಸಂತೋಷದ್ದು, ಅರ್ಧ ಇನ್ನು ಬಾಯಿ ಬಿಡಬಹುದು ಎಂಬ ನೆಮ್ಮದಿಯದು.

ಅಲ್ಲಿಂದ ಮುಂದೆ ಅಂಗಿಗಳು ಸೊಸೆಯ ಜತೆಗೇ ಹಿಗ್ಗಿದವು. ತಿಂಗಳಿಗೊಮ್ಮೆ ಮಾಸ್ತರರು ಒಳಗಿನ ಬಟ್ಟೆಯನ್ನು ಅರ್ಧ ಇಂಚು ಹೊರಗೆ ಬಿಡುತ್ತಿದ್ದರು. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ಏಳನೇ ತಿಂಗಳಿಗೆ ಮಾರ್ಜಿನ್ ಮುಗಿಯಿತು. ಅದೇ ಹೊತ್ತಿಗೆ ಮಾಸ್ತರರು ಮಗಳ ಮದುವೆಗೆಂದು ಊರಿಗೆ ಹೋದರು, ಒಂದೂವರೆ ತಿಂಗಳು. ಒಂದು ಭಾನುವಾರ ಇಂಗ್ರಿಡ್ ಆ ನೀಲಿ ಅಂಗಿಯನ್ನು ಹಿಡಿದುಕೊಂಡು ನನ್ನ ಮಿಷನಿನ ಹತ್ತಿರ ಬಂದು ನಿಂತಳು. ‘ಅತ್ತೆ, ಇದು ಟೈಟ್ ಆಗೈತ್ರಿ,’ ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಅಳುಕು ಇತ್ತೆಂದರೆ, ಅಂಗಿಯ ಗುಂಡಿಯನ್ನು ತಿರುಗಿಸುತ್ತಾ ನಿಂತಿದ್ದಳು. ಮತ್ತೆ ಟಕ್ಸ್ ಹಿಡಿದುಬಿಟ್ಟರೆ ಎಂಬ ಭಯವಿರಬೇಕು, ಪಾಪ.

ಕೂತು ಮಾಸ್ತರರ ಹೊಲಿಗೆ ಬಿಚ್ಚಿದೆ. ಅಯ್ಯೋ, ಆ ಹೊಲಿಗೆ. ಹೊರಗೆ ಒಂದು ಗೆರೆ, ಒಳಗೆ ಬಟ್ಟೆಯ ಅಂಚನ್ನು ಮಡಚಿ ಇನ್ನೊಂದು ಗೆರೆ, ಮೂರು ಸಲ ಬಿಚ್ಚಿ ಹೊಲಿದಿದ್ದರೂ ಒಂದು ತೂತು ಕಾಣುತ್ತಿಲ್ಲ. ಮಾಲಿನಲ್ಲಿ ಮಾರುವವರು ಯಾರೂ ನೋಡದ ಜಾಗಕ್ಕೆ ಇಷ್ಟು ಮರ್ಯಾದೆ ಕೊಡುವುದಿಲ್ಲ. ಬಿಚ್ಚುತ್ತಾ ಬಿಚ್ಚುತ್ತಾ ನನ್ನ ಬೆರಳು ಉರಿಯಿತು, ಆಮೇಲೆ ಉರಿ ಯಾವಾಗ ನಿಂತಿತೋ ಗೊತ್ತಿಲ್ಲ. ಪಾಠ ಕಲಿಯುವವಳ ಹಾಗೆ ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದೆ. ನನ್ನ ಒಂದು ಹಳೆಯ ಹತ್ತಿ ಸೀರೆಯನ್ನು ತೆಗೆದೆ. ಎಳೆ ಎಳೆಯೂ ಮೆತ್ತಗಾಗಿತ್ತು. ಎರಡು ಬಗಲಿಗೂ ಎರಡು ಪಕ್ಕಕ್ಕೂ ತುಂಡು ಕೊಡುವುದೆಂದು ಮಾಡಿದೆ.

ಟೇಪು ಕೈಯಲ್ಲಿ ಹಿಡಿದಿದ್ದೆ. ಒಂದು ಗಳಿಗೆ ಮನಸ್ಸು ಒಪ್ಪಲಿಲ್ಲ. ಆಮೇಲೆ ಹೇಳಿಬಿಟ್ಟೆ: ಲೋಕಲಿನ ಹಿಡಿಕೆ ಹಿಡಿ ಮಗಾ.

ಅವಳು ನನ್ನನ್ನೇ ನೋಡಿದಳು. ಆಮೇಲೆ ಫ್ಯಾನಿನ ಕಡೆ ಕೈ ಎತ್ತಿದಳು. ಹೇಳದೆಯೇ ಕೂತಳು, ಬಗ್ಗಲು ಹೊಟ್ಟೆ ಬಿಡಲಿಲ್ಲ, ಇಬ್ಬರೂ ನಕ್ಕೆವು. ಒಳಗೆ ಎರಡಿಂಚು ಬಟ್ಟೆ ಬಿಟ್ಟು ಹೊಲಿದೆ. ಮಾರನೆಯ ದಿನ ಬೆಳಿಗ್ಗೆ ನಾನು ಒಗ್ಗರಣೆ ಹಾಕುವ ನೆಪದಲ್ಲಿ ಅಡುಗೆಮನೆಯಲ್ಲೇ ಇದ್ದೆ, ನೋಡಲು ಧೈರ್ಯವಿರಲಿಲ್ಲ. ಅವಳು ಅದನ್ನೇ ಹಾಕಿಕೊಂಡು ಹೋದಳು. ಅದರ ಮಾರನೆಯ ದಿನವೂ. ಸಂಜೆ ತೊಳೆದು ಫ್ಯಾನಿನ ಕೆಳಗೆ ಒಣಗಿಸಿ ಮತ್ತೆ ಅದೇ. ರಜೆ ಹಾಕಿ ಮನೆಯಲ್ಲಿ ಕೂತ ಮೇಲೂ ಅದೇ. ಆಸ್ಪತ್ರೆಗೆ ಹೊರಟಾಗ ಮಗ ಬೇರೆ ಏನೋ ತಂದು ಕೊಟ್ಟದ್ದನ್ನು ಬದಿಗಿಟ್ಟು ಅದನ್ನೇ ಹಾಕಿಕೊಂಡಳು. ಹೆರಿಗೆ ನೋವಿನಲ್ಲಿ ಯಾರೂ ಮುಲಾಜಿಗೆ ಬಟ್ಟೆ ಹಾಕುವುದಿಲ್ಲ.

ಇಷ್ಟಾದ ಮೇಲೆ ನಿನ್ನೆ ಬಂತು. ಮಗು ಮನೆಗೆ ಬಂದ ನಾಲ್ಕು ಗಂಟೆಯೊಳಗೆ ಬಾಗಿಲು ಬಡಿಯಿತು. ಕೈಯಲ್ಲಿ ಒಂದು ಗಂಟು ಹಿಡಿದು ದಸ್ತಗೀರ ಮಾಸ್ತರರು. ಊರಿನಿಂದ ಬಂದವರಿಗೆ ಇಂಗ್ರಿಡ್ ಮಗುವಿನ ಫೋಟೋ ಕಳಿಸಿದ್ದಳಂತೆ. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡು ಚಹಾ ಮಾಡುತ್ತೇನೆ ಎಂದು ಒಳಗೆ ಓಡಿದೆ. ಗಂಟಿನಲ್ಲಿ ಕೂಸಿಗೆ ಹಾಕುವ ನಾಲ್ಕು ಪುಟ್ಟ ಅಂಗಿ, ಜಬಲಾ ಇದ್ದವು, ಇಂಗ್ರಿಡಳ ಅಂಗಿಗಳಿಂದ ಉಳಿದ ತುಂಡುಗಳಿಂದಲೇ ಹೊಲಿದದ್ದು. ಈಗಲೇ ಹೊಸ ಬಟ್ಟೆ ಹಾಕಬೇಡಿ, ಮೊದಲು ಮನೆಯ ಹಳೆಯ ಬಟ್ಟೆಯೇ ಒಳ್ಳೆಯದು, ಇವು ಮಗು ಬೆಳೆದ ಮೇಲೆ ಎಂದು ಅವರೇ ಹೇಳಿದರು. ಮಗು ಆಗ ನಾನು ನನ್ನ ಹಳೆಯ ಸೀರೆಯಿಂದ ಹೊಲಿದ ಜಬಲಾದಲ್ಲೇ ಇತ್ತು. ಅಡುಗೆಮನೆಯಲ್ಲಿ ನಿಂತು ನಾನು ಒಂದು ಅಂಕ ಪಡೆದವಳ ಹಾಗೆ ಸಕ್ಕರೆ ಒಂದು ಚಮಚ ಹೆಚ್ಚು ಹಾಕಿದೆ.

ಚಹಾ ತಂದಾಗ ಅವರು ಕುರ್ಚಿಯಲ್ಲಿರಲಿಲ್ಲ. ಬಾಲ್ಕನಿಯ ಹಗ್ಗದ ಮೇಲಿದ್ದ ನೀಲಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ ಬೆಳಕಿಗೆ ಹಿಡಿದಿದ್ದರು. ಇದು ಯಾರ ಕೈ ಎಂದು ಕೇಳಿದರು. ನಮ್ಮ ಅತ್ತೆಯದು ಎಂದಳು ಇಂಗ್ರಿಡ್. ಮಾಸ್ತರರು ಅಂಗಿಯನ್ನು ಇನ್ನೊಮ್ಮೆ ನೋಡಿ, ನನ್ನನ್ನು ನೋಡಿದರು.

‘ವಿಕ್ರೋಳಿ ಕುಪ್ಪಸದ ಕೈ ಅಲ್ಲೇನ್ರಿ ಇದು?’ ಎಂದರು. ‘ಮಾರಿ ಮರೀತೀನ್ರಿ ಅಕ್ಕಾರ, ಹೊಲಿಗಿ ಮರ್ಯಂಗಿಲ್ಲ.’

ಅ‍ಡಗಲು ಜಾಗವಿರಲಿಲ್ಲ, ಮುಖ ಮರೆತರೂ ಹೊಲಿಗೆ ಮರೆಯದ ಮನುಷ್ಯ. ಚಹಾದ ತಟ್ಟೆ ಹಿಡಿದುಕೊಂಡೇ ಎಲ್ಲ ಒಪ್ಪಿಕೊಂಡೆ. ದಾದರಿಗೆ ಹೋದದ್ದು, ರವಿಕೆ, ಮೊಳೆಯ ಮೇಲಿನ ಪ್ಯಾಂಟು, ಟೇಪು ಹೇಳಿದ ಸುದ್ದಿ. ಇಂಗ್ರಿಡ್ ಬೆರಳು ಮಡಚಿ ದಿನ ಲೆಕ್ಕ ಹಾಕಿದಳು. ಅವಳ ಮುಖದಲ್ಲಿ ಕೋಪ ಬರುತ್ತದೋ ಏನೋ ಎಂದು ನಾನು ಕಾಯುತ್ತಿದ್ದೆ. ಕದ್ದು ನೋಡುವ ಅತ್ತೆ ಯಾವ ದೇಶದವರಿಗೂ ಇಷ್ಟವಾಗುವುದಿಲ್ಲ.

‘ಅದಕ್ಕ ಪಾಯಸ?’ ಎಂದು ಕೇಳಿದಳು.

ಅದಕ್ಕೇ ಎಂದೆ. ಅವಳು ನಗಲು ಶುರು ಮಾಡಿದಳು, ಆಪರೇಷನ್ನಿನ ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತದೆ ಎಂದು ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ನನ್ನ ಮೊದಲನೇ ಅಂಗಿ ಚೆನ್ನಾಗಿದೆ ಎಂದದ್ದು ಸುಳ್ಳು ಎಂದು ತಾನೂ ಒಪ್ಪಿಕೊಂಡಳು. ಗೊತ್ತಿತ್ತು ಎಂದೆ. ಮಾಸ್ತರರು ಅಂಗಿಯನ್ನು ಮಡಚಿ ಇಡುತ್ತಾ, ಇನ್ನು ಇವಳು ನನ್ನ ಅಂಗಡಿಗೆ ಯಾಕೆ ಬರುತ್ತಾಳೆ ಬಿಡಿ ಎಂದರು. ಸ್ವಲ್ಪ ಸಣ್ಣ ಧ್ವನಿಯಲ್ಲಿ. ಆ ಸಣ್ಣ ಧ್ವನಿ ನನಗೆ ಎಷ್ಟು ಹಿತವಾಯಿತು ಎಂದು ಬರೆಯಬಾರದು, ಆದರೂ ಬರೆದಿದ್ದೇನೆ. ಆ ಹಿತಕ್ಕೇ ನಾಚಿಕೆಯಾಗಿ, ಊಟ ಮಾಡದೆ ಹೋಗಕೂಡದು ಎಂದು ಅವರನ್ನು ಕೂರಿಸಿದೆ.

ಸಂಜೆ ಏಳೂವರೆಗೇ ಬಡಿಸಿದೆ. ಮೇಜು ಸಾಲದೆ ಚಾಪೆ ಹಾಸಿದೆವು. ಕುಚ್ಚಲಕ್ಕಿ ಅನ್ನ, ಕಾಳುಮೆಣಸಿನ ಸಾರು, ಹೀರೆಕಾಯಿ ಪಲ್ಯ. ಇಂಗ್ರಿಡ್ ಗೋಡೆಗೆ ದಿಂಬು ಇಟ್ಟು ಕೂತಳು, ಮಗು ನನ್ನ ಮಡಿಲಲ್ಲಿ. ಮಗ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ ನಾರ್ವೆಗೆ ಹಚ್ಚಿದ. ಅಲ್ಲಿ ಮಧ್ಯಾಹ್ನ ಕಳೆದು ನಾಲ್ಕು. ಅವರ ದೊಡ್ಡ ಊಟ ಆಗಲೇ ಅಂತೆ. ಇಂಗ್ರಿಡಳ ತಾಯಿ ಮೀನು, ಬಟಾಟೆ ಬೇಯಿಸಿದ್ದು ಮುಂದಿಟ್ಟುಕೊಂಡು ಒಬ್ಬರೇ ಮೇಜಿಗೆ ಕೂತಿದ್ದರು. ನಗುತ್ತಿದ್ದರು. ಆದರೆ ಕಣ್ಣು ನನ್ನ ಮಡಿಲು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಆ ನೋಟದ ಪರಿಚಯ ನನಗಿಲ್ಲದೆ ಯಾರಿಗಿರಬೇಕು. ಎರಡು ವರ್ಷ ನಾನೇ ಅದನ್ನು ಹೊತ್ತು ತಿರುಗಿದವಳು.

ಅವರು ಏನೋ ಅಂದರು. ಏನಂತೆ ಎಂದು ಕೇಳಿದೆ.

‘ನಿಮ್ಮ ಮ್ಯಾಲೆ ಹೊಟ್ಟೆಕಿಚ್ಚಂತ್ರಿ, ಅತ್ತೆ,’ ಎಂದಳು ಇಂಗ್ರಿಡ್.

ನಾನು ಮಗುವನ್ನು ಇಂಗ್ರಿಡಳ ಮಡಿಲಿಗೆ ಕೊಟ್ಟು, ಕೈ ತೊಳೆದು ಬಂದು, ಮತ್ತೆ ಎತ್ತಿ ಫೋನಿನ ಮುಂದೆ ಹಿಡಿದೆ, ಇಡೀ ಪರದೆ ತುಂಬುವಷ್ಟು ಹತ್ತಿರ. ಆ ಕಡೆಯವರು ಫೋರ್ಕನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು. ಮಗು ಆಕಳಿಸಿತು, ಅವರು ಅತ್ತರು, ಅವರು ಅತ್ತದ್ದು ನೋಡಿ ಯಜಮಾನರು ಮೂಗೊರೆಸಿಕೊಂಡರು. ಸಾಕು ಎಂದು ಅವರೇ ಹೇಳುವವರೆಗೂ ಹಿಡಿದಿದ್ದೆ. ಆಮೇಲೆ ತಿರುಗಿ ಮಡಿಲಲ್ಲಿ ಮಲಗಿಸಿಕೊಂಡೆ, ಮುಖ ಫೋನಿನ ಕಡೆಗೇ ಇರುವ ಹಾಗೆ. ನನ್ನ ಸಾರು ತಣ್ಣಗಾಗಿತ್ತು. ಮಾಸ್ತರರು ಬಿಸಿಯದನ್ನು ತಾವೇ ಎದ್ದು ನನ್ನ ತಟ್ಟೆಗೆ ಬಡಿಸಿದರು, ಮಗ ಅಲ್ಲಿಯ ಬಟಾಟೆ ಬೆಂದಿದೆಯೇ ಎಂದು ಕೇಳಿದ, ಎಲ್ಲರೂ ಊಟ ಮಾಡಿದೆವು.